ಬೇಸಿಗೆಯ ಬೆಟ್ಟ: ಜೊತೆಗಾರನ ಮೇಲೆ ಕಣ್ಣಿರಲಿ

ಪರೀಕ್ಷೆ ಮುಗಿದು ರಜೆ ಬಂತೆಂದರೆ ನಮ್ಮ ಹೊನ್ನಾವರ, ಕುಮಟಾ, ಭಟ್ಕಳದ ಕಡೆಯ ಅನೇಕರು ಬೆಟ್ಟ ಹತ್ತಲು ಹೊರಡುತ್ತಾರೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾನೂ ಗೆಳೆಯನೊಬ್ಬನೂ ಕೊಲ್ಲೂರಿನ ಮೇಲೆ ಹಾಯ್ದು ಕೊಡಚಾದ್ರಿಗೆ ಹೋಗಿದ್ದೆವು. ಅರ್ಧ ಏರು ಮುಗಿದಿರಬೇಕು, ಅಲ್ಲಿಯವರೆಗೂ ಹರಟುತ್ತಿದ್ದ ಗೆಳೆಯ ಮೌನವಾದ. ತಲೆನೋವು, ವಾಕರಿಕೆ ಎಂದ. "ಎತ್ತರಕ್ಕೆ ಬಂದ್ವಲ್ಲ ಮಾರಾಯ, ಗಾಳಿ ತೆಳುವಾಗಿರಬೇಕು" ಎಂದು ಕಾರಣವನ್ನೂ ತಾನೇ ಹೇಳಿದ. ವೈದ್ಯನಾದ ನಾನೂ ಸ್ವಲ್ಪ ಹೊತ್ತು ಹೌದೆಂದುಕೊಂಡೇ ನಡೆದೆ. ಅದು ನನ್ನ ತಪ್ಪು.

ಗಾಳಿಯ ದೋಷವಲ್ಲ

ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2500 ಮೀಟರಿನ ಮೇಲೆ ಕಾಣಿಸಿಕೊಳ್ಳುತ್ತದೆ. ಕೊಡಚಾದ್ರಿಯ ಎತ್ತರ 1343 ಮೀಟರ್. ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಕೂಡ 2000 ಮೀಟರ್ ಮುಟ್ಟುವುದಿಲ್ಲ. ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ತಲೆಸುತ್ತು, ವಾಕರಿಕೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಬಿಸಿಲನ್ನೂ ನೀರಿನ ಕೊರತೆಯನ್ನೂ. ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅದು ಹೃದಯದ ಎಚ್ಚರಿಕೆ. ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಬೇಡ.

ಏರು ಹತ್ತುವಾಗ ಸ್ನಾಯುಗಳು ಬಹಳ ಶಾಖವನ್ನು ಉತ್ಪಾದಿಸುತ್ತವೆ. ಅದನ್ನು ಹೊರಹಾಕಲು ದೇಹ ಬೆವರುತ್ತದೆ. ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುವುದೂ ಉಂಟು. ಆದರೆ ದೇಹ ತಂಪಾಗುವುದು ಬೆವರು ಆರಿದಾಗ ಮಾತ್ರ. ಕರಾವಳಿಯ ತೇವದ ಗಾಳಿಯಲ್ಲಿ ಅದು ಆರದೆ ಸುಮ್ಮನೆ ಇಳಿಯುತ್ತದೆ. ಮೇಲೇರಿದಂತೆ ಇನ್ನೊಂದು ಮೋಸ: ಅಲ್ಲಿ ತಂಗಾಳಿ ಬೀಸಿ ಬೆವರು ಬೇಗ ಆರುವುದರಿಂದ ಎಷ್ಟು ನೀರು ಹೋಯಿತೆಂಬುದೇ ತಿಳಿಯುವುದಿಲ್ಲ.

ಗೆಳೆಯನ ಚೀಲ ತೆಗೆದು ನೋಡಿದೆ. ನೀರಿನ ಬಾಟಲಿ ಬಹುಪಾಲು ತುಂಬಿಯೇ ಇತ್ತು. ಮೇಲೆ ಹೋದಮೇಲೆ ಬೇಕಾದೀತೆಂದು ಉಳಿಸಿಕೊಂಡಿದ್ದನಂತೆ!

ಎರಡು ಹಂತಗಳು

ಮೊದಲನೆಯದು ಬಿಸಿಲಿನ ಬಳಲಿಕೆ. ವಿಪರೀತ ಬೆವರು, ಸುಸ್ತು, ತಲೆನೋವು, ವಾಕರಿಕೆ, ಕಾಲಿನಲ್ಲಿ ಸೆಳೆತ. ಮಾತು, ಬುದ್ಧಿ ಸರಿಯಾಗಿರುತ್ತದೆ. ನೆರಳಿನಲ್ಲಿ ಮಲಗಿಸಿ ಕಾಲನ್ನು ಸ್ವಲ್ಪ ಎತ್ತರದಲ್ಲಿಡಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ಕುಡಿಸಿ. ಸುಧಾರಿಸಿದರೂ ಆ ದಿನ ಮೇಲೇರುವುದು ಬೇಡ.

ಎರಡನೆಯದು ಬಿಸಿಲಿನ ಆಘಾತ. ದೇಹದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಸಂಬದ್ಧ ಮಾತು, ಸಿಡಿಮಿಡಿ, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು ಇದರ ಗುರುತುಗಳು. ಚರ್ಮ ಒಣಗಿರಲೇಬೇಕೆಂದಿಲ್ಲ, ನಡೆದು ದಣಿದವರಲ್ಲಿ ಬೆವರು ಇರಬಹುದು. ಇದು ಪ್ರಾಣಾಪಾಯದ ಸ್ಥಿತಿ. ಕೂಡಲೇ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ.

ಬುದ್ಧಿ ಮಂಕಾದವನಿಗೆ ತನ್ನ ಸ್ಥಿತಿ ತನಗೇ ತಿಳಿಯದು. "ನಂಗೇನೂ ಆಗ್ಲಿಲ್ಲ" ಎಂದೇ ಅನ್ನುತ್ತಾನೆ. ಅದನ್ನು ಗುರುತಿಸಬೇಕಾದವನು ಜೊತೆಗಾರ. ಒಬ್ಬರೇ ಬೆಟ್ಟ ಹತ್ತಬಾರದು ಎನ್ನುವುದು ಇದಕ್ಕಾಗಿಯೇ.

ಹೊರಡುವ ಮುನ್ನ

* ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ನಸುಕಿನಲ್ಲೇ ಹೊರಡಿ. 11ರಿಂದ 4ರವರೆಗೆ ನೆರಳಿನಲ್ಲಿರಿ.

* ಒಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು ಇರಲಿ. ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯಿರಿ. ಆದರೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ಉಪ್ಪು ಹಾಕಿದ ಮಜ್ಜಿಗೆಯೋ ಮುರುಗಲ ಪಾನಕವೋ ಜೊತೆಗಿರಲಿ. ಇಲ್ಲವೇ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಬೆರೆಸಿ. ಚಹಾ ಚಮಚವನ್ನೇ ಬಳಸಿ.

* ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಹೊರಡಬೇಕು.

* ಬೇಸಿಗೆ ನಮ್ಮ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಇದು ಉಣುಗಿನಿಂದ ಹರಡುತ್ತದೆ. ಮೈತುಂಬ ಬಟ್ಟೆ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಅಂದು ನಾವು ಮರದಡಿ ಎರಡು ಗಂಟೆ ಕುಳಿತು, ಗೆಳೆಯ ಮೂತ್ರಕ್ಕೆ ಹೋಗಿ ಬಂದಮೇಲೆ ಮೆಲ್ಲಗೆ ಕೆಳಗಿಳಿದೆವು. ಸರ್ವಜ್ಞ ಪೀಠ ನೋಡಲಾಗಲಿಲ್ಲವೆಂದು ಅವನಿಗೆ ಬೇಸರವಾಯಿತು. ಮುಂದಿನ ಡಿಸೆಂಬರಿನಲ್ಲಿ ಇಬ್ಬರೂ ಹೋಗಿ ನೋಡಿ ಬಂದೆವು. ಅರ್ಧ ದಾರಿಯಿಂದ ಹಿಂದಿರುಗುವುದು ಅವಮಾನವಲ್ಲ ಎಂಬುದನ್ನು ಮಕ್ಕಳಿಗೂ ಹೇಳಿಕೊಡಿ.