ಕೆಟ್ಟ ವಿಡಿಯೋ ಗೇಮ್: ದೋಷ ಹುಡುಕುವ ಕ್ರಮ



ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಕೆಲವರ ಮನೆಯ ಟ್ರಂಕಿನಲ್ಲಿ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಇನ್ನೂ ಇರಬಹುದು. ಇದರ ಮೂಲ ಜಪಾನ್. ಅಲ್ಲಿಯ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದನ್ನು ನೋಡಿ ಮಾಡಿದ ಅಗ್ಗದ ನಕಲುಗಳು 1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಿಗೂ ಬಂದವು.

ನನ್ನ ಕಾಕಾ ಹತ್ತಿ ಬಿಡಿಸಿದ ಕೂಲಿ ಕೂಡಿಸಿ ಕೊಂಡ ಅಂಥದೊಂದು ಪೆಟ್ಟಿಗೆ ನಮ್ಮಲ್ಲಿದೆ. ಈ ಬೇಸಿಗೆಯಲ್ಲಿ ಹಚ್ಚಿದಾಗ ಚಿತ್ರ ಬಂತು, ಆದರೆ ಯಾವ ಬಟನ್ ಒತ್ತಿದರೂ ಏನೂ ಆಗಲಿಲ್ಲ. ಒಂದು ಅಂಗಡಿಯಲ್ಲಿ ತೋರಿಸಿದರೆ, “ಒಳಗಿನ ಐ.ಸಿ. ಹೋಗೈತಿ, ಗುಜರಿಗೆ ಹಾಕ್ರಿ” ಅಂದರು. ಕಾಕಾ ಮಾತಾಡದೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರು. ಸಿಂಧನೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ನಮ್ಮ ಮಾಮ ಮಾತ್ರ, “ಕೆಟ್ಟೈತಿ ಅನ್ನಬ್ಯಾಡ, ಎಲ್ಲಿ ಕೆಟ್ಟೈತಿ ಅಂತ ಹೇಳು” ಅಂದರು. ಅವರ ಪಕ್ಕದಲ್ಲಿ ಕುಳಿತು ಕಲಿತ ಕ್ರಮ ಹೀಗಿದೆ.

1. ಕರೆಂಟು: ದೀಪ ಉರಿಯದಿದ್ದರೆ ಮೊದಲು ಅಡಾಪ್ಟರ್ ನೋಡಬೇಕು. ಅದರ ಮೇಲೆ ಬರೆದಷ್ಟು ವೋಲ್ಟ್, ಸಾಮಾನ್ಯವಾಗಿ 9, ಮೀಟರಿನಲ್ಲಿ ಬರುತ್ತದೆಯೇ? ಬಂದರೆ ಪೆಟ್ಟಿಗೆಯೊಳಗೆ 7805 ಎಂದು ಬರೆದ ಮೂರು ಕಾಲಿನ ಭಾಗ ಹುಡುಕಿರಿ. 9 ವೋಲ್ಟನ್ನು 5 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಒಳಗೆ 9 ಬಂದು ಹೊರಗೆ 5 ಬರದಿದ್ದರೆ ಅನುಮಾನ ಅದರ ಮೇಲೆ.

2. ಟಿವಿ: ದೀಪ ಉರಿದು ಪರದೆ ಖಾಲಿ ಇದ್ದರೆ ತಂತಿ ಸರಿಯಾಗಿ ಕೂತಿದೆಯೇ, ಟಿವಿಯನ್ನು ಎ.ವಿ.ಗೆ ಇಟ್ಟಿದ್ದೀರಾ ನೋಡಿರಿ. ಹಳದಿ ತಂತಿ ಚಿತ್ರಕ್ಕೆ, ಬಿಳಿ ತಂತಿ ಧ್ವನಿಗೆ.

3. ಕ್ಯಾಸೆಟ್: ಪರದೆ ಬೂದು ಆಗಿ ನಿಂತರೆ, ಇಲ್ಲವೆ ಚಿತ್ರ ಚೂರುಚೂರಾಗಿ ಬಂದರೆ, ಕ್ಯಾಸೆಟ್ಟಿನ 60 ಹಲ್ಲುಗಳಲ್ಲಿ ಧೂಳು ಕೂತಿರುತ್ತದೆ. ನಾವೆಲ್ಲ ಬಾಯಿಂದ ಊದುತ್ತೇವೆ. ಅದು ಬೇಡ. ಉಸಿರಿನ ತೇವ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಆರಿದ ಮೇಲೆ ಹಾಕಿರಿ. ಒಳ್ಳೆಯ ಕ್ಯಾಸೆಟ್ಟಿನ ಹಲ್ಲಿಗೆ ತೆಳುವಾಗಿ ಚಿನ್ನದ ಲೇಪ ಇರುತ್ತದೆ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ತೆಗೆಯುವ ಲೋಹವೇ ಅದು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅದಕ್ಕೇ ಹಾಕುತ್ತಾರೆ. ಉಜ್ಜಿ ಉಜ್ಜಿ ಲೇಪ ಕೀಳಬೇಡಿರಿ.

4. ಜಾಯ್‌ಸ್ಟಿಕ್: ಇಲ್ಲಿ ಸ್ವಲ್ಪ ವಿಚಾರ ಮಾಡಬೇಕು. ಇದರಲ್ಲಿ ನಾಲ್ಕು ದಿಕ್ಕು, ಎ, ಬಿ, ಸೆಲೆಕ್ಟ್, ಸ್ಟಾರ್ಟ್ ಎಂದು 8 ಗುಂಡಿಗಳ ಲೆಕ್ಕ. ಪ್ರತಿ ಗುಂಡಿಯ ಕೆಳಗೆ ಕರಿ ಇಂಗಾಲದ ರಬ್ಬರ್ ಇದೆ. ಒತ್ತಿದಾಗ ಅದು ಎರಡು ಗೆರೆಗಳನ್ನು ಕೂಡಿಸುತ್ತದೆ. ಆದರೆ ಎಂಟೂ ಸುದ್ದಿ ಒಂದರ ಹಿಂದೆ ಒಂದರಂತೆ ಒಂದೇ ತಂತಿಯಲ್ಲಿ ಪೆಟ್ಟಿಗೆಗೆ ಹೋಗುತ್ತವೆ. ಹಾಗಾದರೆ ಒಂದು ಗುಂಡಿ ಮಾತ್ರ ಕೆಲಸ ಮಾಡದಿದ್ದರೆ ಅನುಮಾನ ರಬ್ಬರಿನ ಮೇಲೆ. ಎಂಟೂ ಒಮ್ಮೆಲೇ ಸತ್ತರೆ ಎಂಟು ರಬ್ಬರೂ ಒಂದೇ ದಿನ ಕೆಡುತ್ತವೆಯೇ? ಮೊದಲು ತಂತಿ ನೋಡಬೇಕು.

ನಾವು ಎರಡನೆಯ ಜಾಯ್‌ಸ್ಟಿಕ್ಕನ್ನು ಮೊದಲನೆಯದರ ಜಾಗಕ್ಕೆ ಹಚ್ಚಿದೆವು. ಆಟ ಓಡಿತು! ಅಂದರೆ ಪೆಟ್ಟಿಗೆಯ ಐ.ಸಿ. ಚೆನ್ನಾಗಿದೆ. ಮೀಟರಿನಿಂದ ಐದೂ ತಂತಿ ನೋಡಿದಾಗ ಒಂದು ಮಾತ್ರ ಪೀಂ ಅನ್ನಲಿಲ್ಲ. ತಂತಿ ಜಾಯ್‌ಸ್ಟಿಕ್ಕಿನೊಳಗೆ ಹೋಗುವ ಕುತ್ತಿಗೆಯ ಹತ್ತಿರ, ದಿನಾ ಮಡಚುವ ಜಾಗದಲ್ಲೇ, ಒಳಗೆ ಹರಿದಿತ್ತು. ಎರಡು ಇಂಚು ಕತ್ತರಿಸಿ, ಬಣ್ಣಕ್ಕೆ ಬಣ್ಣ ಸೇರಿಸಿ ಮಾಮ ಸೋಲ್ಡರ್ ಹಾಕಿದರು. ಆ ಸಂಜೆ ಕಾಕಾ ಊಟ ಮರೆತು ಆಡಿದರು.

ನೆನಪಿಡಿ: ಅಡಾಪ್ಟರನ್ನಾಗಲಿ ಹಳೆಯ ಡಬ್ಬಾ ಟಿವಿಯನ್ನಾಗಲಿ ಬಿಚ್ಚಬಾರದು. ಪ್ಲಗ್ಗಿನಲ್ಲಿ 230 ವೋಲ್ಟ್ ಇದೆ. ಅಂಥ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್, ಬಂದ್ ಮಾಡಿದ ಮೇಲೂ ಉಳಿದಿರಬಹುದು. ಸೋಲ್ಡರ್ ಕೆಲಸ ಬಲ್ಲ ದೊಡ್ಡವರ ಎದುರಿಗೇ ಆಗಬೇಕು.

ಪ್ರಶ್ನೆಗಳು:
ಅ) ಆಟಗಾರ ಎಡಕ್ಕೆ ಓಡುತ್ತಾನೆ, ಬಲಕ್ಕೆ ಓಡುವುದಿಲ್ಲ. ದೋಷ ಎಲ್ಲಿರಬಹುದು?
ಆ) ಒಂದು ಕ್ಯಾಸೆಟ್ ಆಡುತ್ತದೆ, ಇನ್ನೊಂದು ಆಡುವುದಿಲ್ಲ. ಪೆಟ್ಟಿಗೆ ಬಿಚ್ಚಬೇಕೆ? ಕಾರಣ ಕೊಡಿ.

ಉತ್ತರ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿರಿ.