ಕೌದಿ ಹೊದ್ದ ಗೋಡೆ

ಮನೆಮಂದಿಯೆಲ್ಲ ಒಂದೆಡೆ ಕುಳಿತು ನಾಟಕ, ಸಂಗೀತಗಳನ್ನು ಆಲಿಸಲು ಬೆಲೆಬಾಳುವ ರೇಡಿಯೋ ಒಂದಿದ್ದರೆ ಸಾಲದು. ಬರಿಗೋಡೆ, ಬರಿನೆಲದ ಸಿಮೆಂಟಿನ ಕೋಣೆಯಲ್ಲಿ ಮಾತು ಕಲಸಿಹೋಗುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರು ವೇಗದಲ್ಲಿ ಚಲಿಸುವ ಧ್ವನಿಯು ಗೋಡೆಗಳಿಗೆ ತಾಗಿ ಮತ್ತೆ ಮತ್ತೆ ಹಿಂದಿರುಗುವುದರಿಂದ ಒಂದು ಪದದ ಕೊನೆಯು ಮುಂದಿನ ಪದದ ಮೇಲೆ ಬೀಳುತ್ತದೆ. ಕಿವಿ ಮಂದವಾದ ಅಜ್ಜಿಯು “ಏನಂದರು?” ಎಂದು ಕೇಳಿ ಕೇಳಿ, ಕಡೆಗೆ ಬೇಸತ್ತು ಎದ್ದುಹೋಗುವುದನ್ನು ನೀವೂ ಕಂಡಿರಬಹುದು.

ಇದಕ್ಕೆ ಮದ್ದು ಆಕೆಯ ಪೆಟ್ಟಿಗೆಯಲ್ಲಿಯೇ ಇದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಕೌದಿಯನ್ನು ರೇಡಿಯೋದ ಎದುರುಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತೂಗುಹಾಕಿರಿ. ಅದರ ಎಳೆಗಳ ನಡುವೆ ಧ್ವನಿಯ ಶಕ್ತಿಯು ಉಡುಗಿ, ಅತ್ಯಲ್ಪ ಶಾಖವಾಗಿ ಮಾರ್ಪಡುತ್ತದೆ. ನೆಲಕ್ಕೆ ಜಮಖಾನೆ ಹಾಸಿರಿ. ನವಲಗುಂದದ್ದಾದರೆ ಕಣ್ಣಿಗೂ ಹಬ್ಬ! ತಬಲದ ಮಂದ್ರನಾದವೇನೋ ಇದಕ್ಕೆಲ್ಲ ಅಷ್ಟಾಗಿ ಬಗ್ಗದು. ಮಾತು ಮಾತ್ರ ತಿಳಿಯಾಗುವುದು. ಅಜ್ಜಿಗೆ ರೇಡಿಯೋದ ಸಮೀಪದ ಜಾಗವನ್ನೇ ಬಿಟ್ಟುಕೊಡಿರಿ: ದೂರವು ಅರ್ಧವಾದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ನಾಲ್ಕು ಪಟ್ಟಾಗುತ್ತದೆ.