ಹಲ್ಲುನೋವಿಗೂ ಕಾನೂನಿನ ಆಸರೆ ಉಂಟು

ಮಾತು ಬಾರದ ಮಗ ಗಂಜಿ ಮುಟ್ಟುವುದಿಲ್ಲ, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ಮನೆಯವರಿಗೆ ಅದು ಹಠವಾಗಿ ಕಾಣುತ್ತದೆ. ಟಾರ್ಚ್ ಹಿಡಿದು ಬಾಯೊಳಗೆ ನೋಡಿದರೆ ದವಡೆ ಹಲ್ಲು ಹುಳುಕಾಗಿ ಒಸಡು ಬಾತಿರುತ್ತದೆ. ಫಿಟ್ಸ್‌ಗೆ ವರ್ಷಗಟ್ಟಲೆ ಫೆನಿಟಾಯಿನ್ ಮಾತ್ರೆ ತೆಗೆದುಕೊಂಡವರಲ್ಲಿ ಒಸಡು ಬೆಳೆದು ಹಲ್ಲನ್ನೇ ಮುಚ್ಚುವುದೂ ಉಂಟು.

ದಕ್ಷಿಣ ಕನ್ನಡದ ಆಲಂಕಾರು, ಕೊಯಿಲ ಕಡೆಯವರಿಗೆ ಇದು ದೂರದ ವಿಷಯವಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ 2011ರಲ್ಲಿ ತಡೆ ಹಾಕಿತು. ಅದರಿಂದ ಊನಗೊಂಡ ಸಂತ್ರಸ್ತರಿಗಾಗಿ ತೆರೆದ ಪಾಲನಾ ಕೇಂದ್ರ ಇದೇ ಕೊಯಿಲದಲ್ಲೂ ಇದೆ. ಸಂತ್ರಸ್ತರ ಮನೆಗಳಲ್ಲಿ ಮಾಸಾಶನದ ಮಾತು ಬರುತ್ತದೆ, ಹಲ್ಲಿನ ಮಾತು ಬರುವುದೇ ಇಲ್ಲ.

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 25ನೇ ಕಲಂ ಓದಿ. ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಎಲ್ಲ ಭಾಗಕ್ಕೂ ಅಡೆತಡೆಯಿಲ್ಲದೆ ಹೋಗುವಂತಿರಬೇಕು. ತಪಾಸಣೆ, ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು. ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿಯೊಳಗಿನವರಿಗೆ, ಮುಖ್ಯವಾಗಿ ಹಳ್ಳಿಯವರಿಗೆ, ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ ಒದಗಿಸುವ ಹೊಣೆಯೂ ಸರ್ಕಾರದ್ದು. ಹಾಗಾಗಿ ಪಾಳಿಯಲ್ಲಿ ಮೊದಲು ಒಳಗೆ ಬಿಡಿ ಎನ್ನಲು ಸಂಕೋಚ ಬೇಡ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಕೈಯಲ್ಲಿರಲಿ. ಮಾಡಿಸಿಲ್ಲವಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಸುಳ್ಯದ ಕೆವಿಜಿ ದಂತ ಕಾಲೇಜಿಗೋ ಮಂಗಳೂರಿಗೋ ಹೊರಡುವ ಮುನ್ನ ಫೋನ್ ಮಾಡಿ ಗಾಲಿಕುರ್ಚಿ ಬೇಕೇ, ಫಿಟ್ಸ್ ಬರುತ್ತದೆಯೇ, ಅರಿವಳಿಕೆ ಬೇಕಾಗಬಹುದೇ ಎಂಬುದನ್ನೆಲ್ಲ ಹೇಳಿಬಿಟ್ಟರೆ ಬಾಡಿಗೆ ಜೀಪಿನ ಎರಡನೇ ಓಡಾಟ ತಪ್ಪುತ್ತದೆ.

ಹೆಚ್ಚಿನವರು ಎಡವುವುದು ಒಪ್ಪಿಗೆ ಪತ್ರದಲ್ಲಿ. ಕೈಕಾಲು ಊನವಾದ ವಯಸ್ಕರ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಜೊತೆಗೆ ಬಂದವರಿಂದಲ್ಲ. ಬೌದ್ಧಿಕ ಊನವಿದ್ದರೂ ವಯಸ್ಸು ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಊನ, ಬಹುವಿಧ ಊನ ಇದ್ದವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರಂತೆ ಜಿಲ್ಲೆಯ ಸ್ಥಳೀಯ ಸಮಿತಿಗಿದೆ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಹಲ್ಲು ಕೀಳುವ ದಿನ ಓಡಾಡುವುದಕ್ಕಿಂತ ಈಗಲೇ ಅರ್ಜಿ ಹಾಕಿ. ಈ ನಾಲ್ಕು ಗುಂಪಿನವರಿಗೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಹಲ್ಲು ಕೆಡದಂತೆ ತಡೆಯುವ ಚಿಕಿತ್ಸೆ ಅದರಲ್ಲಿ ಸೇರಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

‘ಇಂಥವರಿಗೆ ಇಲ್ಲಿ ಆಗುವುದಿಲ್ಲ’ ಎಂದು ಬಾಗಿಲಲ್ಲೇ ಕಳಿಸಿದರೆ? ಕಾರಣವನ್ನು ಬರೆದುಕೊಡಲು ಕೇಳಿ. ಅರಿವಳಿಕೆ ತಜ್ಞರಿಲ್ಲ ಎಂಬುದು ನ್ಯಾಯವಾದ ಕಾರಣ, ಊನ ಇದೆ ಎಂಬುದಲ್ಲ. ದಿನಾಂಕ, ಹೊರರೋಗಿ ಚೀಟಿ ಸಹಿತ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ. ಸಾಕ್ಷಿಗಳನ್ನು ಕರೆಸಿ ವಿಚಾರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ. 2016ರ ಕಾಯ್ದೆಯ ಉಲ್ಲಂಘನೆ ಸಾಬೀತಾದರೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ತಪ್ಪಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ.

ದೂರು ಬರೆಯಲು ಬಾರದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.